ಕ್ಯೋಟೋದ ಈ ಕಪ್ಪು ಬಟ್ಟಲನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ನೋಡ್ಬೇಕು

ಈಗ ಸ್ಕ್ರೀನ್ ಮೇಲೆ ಕಾಣ್ತಿದೆಯಲ್ಲ, ಇದು ಟೀ ಕುಡಿಯೋ ಬಟ್ಟಲು. ಹಿಡಿ ಇಲ್ಲ, ಹೂವು ಬಳ್ಳಿ ಅಂತ ಡಿಸೈನ್ ಏನೂ ಇಲ್ಲ, ಬಾಯಿ ಒಂದ್ಕಡೆ ಎದ್ದಿದೆ ಇನ್ನೊಂದ್ಕಡೆ ತಗ್ಗಿದೆ, ಪಕ್ಕದಲ್ಲಿ ಏನೋ ಕಚ್ಚಿದ ಥರ ಒಂದು ಗುರುತು ಬೇರೆ. ವಿಡಿಯೋ ಕಾಲಲ್ಲಿ ಅಮ್ಮಂಗೆ ತೋರಿಸಿದ್ರೆ "ಅಯ್ಯೋ ಇದಕ್ಕೆ ಅಷ್ಟು ದುಡ್ಡು ಕೊಟ್ಯೇನೋ, ಸೀದು ಹೋಗಿರೋ ಹಾಗಿದೆಯಲ್ಲೋ" ಅಂದ್ರು. ಫೋನ್ ಸ್ಕ್ರೀನಲ್ಲಿ ನೋಡಿದೋರು ಯಾರಾದ್ರೂ ಅದನ್ನೇ ಹೇಳ್ತಾರೆ ಬಿಡಿ. ಆದ್ರೆ ಇದರಲ್ಲಿ ಸೊಟ್ಟ ಅಂತ ಕಾಣೋ ಒಂದೊಂದಕ್ಕೂ ಕಾರಣ ಇದೆ, ಆ ಕಾರಣ ಎಲ್ಲ ಇರೋದು ಟೀ ಕುಡಿಯೋ ಕೈಯಲ್ಲಿ, ಬಾಯಲ್ಲಿ. ಇವತ್ತು ಪೂರ್ತಿ ಅದೇ ಮಾತು.

ಇದರ ಹೆಸರು ರಾಕು ಚವಾನ್. ಚವಾನ್ ಅಂದ್ರೆ ಟೀ ಬಟ್ಟಲು, ರಾಕು ಅನ್ನೋದು ಮನೆತನದ ಹೆಸರು, ಅವರು ಮಾಡೋ ಬಟ್ಟಲಿಗೂ ಅದೇ ಹೆಸರು. ಕ್ಯೋಟೋದ ಕಾಮಿಗ್ಯೋ ಅನ್ನೋ ಏರಿಯಾದಲ್ಲಿ ಅಬುರಾನೊಕೋಜಿ ಅಂತ ಒಂದು ರೋಡು, ಸಿಕ್ಕಾಪಟ್ಟೆ ಸೈಲೆಂಟು, ಟೂರಿಸ್ಟ್ ಗಲಾಟೆ ಇಲ್ಲಿಗೆ ಬರೋದೇ ಇಲ್ಲ. ಅಲ್ಲೇ ರಾಕು ಅವರ ಮನೆ, ಪಕ್ಕದಲ್ಲೇ ರಾಕು ಮ್ಯೂಸಿಯಂ, 1978ರಲ್ಲಿ ಶುರುವಾಗಿದ್ದು. ಸುಮಾರು 450 ವರ್ಷದಿಂದ ಒಂದೇ ಮನೆತನದೋರು ಇದನ್ನ ಮಾಡ್ಕೊಂಡು ಬಂದಿದಾರೆ, ಈಗಿರೋರು 16ನೇ ತಲೆಮಾರು. ಮನೆ ಯಜಮಾನ ಆದೋರಿಗೆ ಕಿಚಿಜಾಎಮೊನ್ ಅಂತ ಹೆಸರು ಬರುತ್ತೆ, 2019ರಲ್ಲಿ 15ನೆಯವರು ಅದನ್ನ ಮಗನಿಗೆ ಬಿಟ್ಟುಕೊಟ್ಟು ರಿಟೈರ್ ಆದ್ರು.

ಶುರು ಮಾಡಿದೋನು ಚೋಜಿರೋ ಅಂತ. ಅವನು ಹೆಂಚು ಮಾಡ್ತಿದ್ದ ಮನುಷ್ಯ ಅಂತ ಹೇಳ್ತಾರೆ. ಅವನು ಮಾಡಿರೋ ಒಂದು ಸಿಂಹ ಇದೆ, 1574ನೇ ಇಸವಿ ಅಂತ ಅದರ ಮೇಲೇ ಕೆತ್ತಿದೆ, ಬಾಲ ಎತ್ತಿ ಗುರ್ ಅಂತ ನಿಂತಿರೋ ಸಿಂಹ, ನೋಡಿದ್ರೆ ಆ ಕೈಯಿಂದಲೇ ಇಷ್ಟು ಸುಮ್ಮನಿರೋ ಬಟ್ಟಲು ಬಂತಾ ಅನ್ಸುತ್ತೆ. ಬಟ್ಟಲು ಮಾಡೋಕೆ ಅವನನ್ನ ಹಚ್ಚಿದ್ದು ಸೆನ್ ನೋ ರಿಕ್ಯೂ. ಟೀ ಸೆರೆಮನಿ ಅಂತ ನಾವೀಗ ಏನ್ ನೋಡ್ತೀವಲ್ಲ ಅದರ ಬಹುಪಾಲು ರೀತಿನೀತಿಗೆ ರೂಪ ಕೊಟ್ಟೋನು ಇವನೇ. ಅಲ್ಲೀವರೆಗೂ ದೊಡ್ಡೋರ ಮನೆ ಟೀಗೆ ಚೀನಾದಿಂದ ಬಂದ ಥಳಥಳ ಬಟ್ಟಲು, ಆಮೇಲೆ ಕೊರಿಯಾದ ಬಟ್ಟಲು. ರಿಕ್ಯೂಗೆ ಬೇಕಿದ್ದ ರೂಮೇ ಬೇರೆ, ಎರಡು ಚಾಪೆ ಅಳತೆಯ ಕತ್ತಲೆ ರೂಮು (ತಾಇಆನ್ ಅಂತ ಅವನದೇ ಅನ್ನೋ ಒಂದು ರೂಮು ಕ್ಯೋಟೋ ಹತ್ರ ಯಾಮಾಜಾಕಿಯಲ್ಲಿ ಇನ್ನೂ ಇದೆ), ಕಿಟಕಿಗೆ ಕಾಗದ, ಮಣ್ಣಿನ ಗೋಡೆ. ಅಂಥಾ ರೂಮಲ್ಲಿ ಹೊಳೆಯೋ ಬಟ್ಟಲು ಕಣ್ಣಿಗೆ ಹೊಡೆಯುತ್ತೆ. ಕಪ್ಪು ಬಟ್ಟಲಾದ್ರೆ ಬಟ್ಟಲೇ ಅರ್ಧ ಮಾಯ ಆಗಿ ಒಳಗಿನ ಹಸಿರು ಟೀ ಮಾತ್ರ ಎದ್ದು ಕಾಣುತ್ತೆ.

ತಮಾಷೆ ಏನಂದ್ರೆ ರಿಕ್ಯೂನ ಧಣಿ, ಅಂದ್ರೆ ಆಗ ಜಪಾನನ್ನೇ ಆಳ್ತಿದ್ದ ತೊಯೊತೊಮಿ ಹಿದೆಯೋಶಿ, ಅವನಿಗೆ ಈ ಕಪ್ಪು ಬಟ್ಟಲು ಕಂಡ್ರೆ ಆಗ್ತಿರ್ಲಿಲ್ಲವಂತೆ. ಕಾಮಿಯಾ ಸೋತಾನ್ ಅಂತ ಹಕಾತಾದ ಒಬ್ಬ ವ್ಯಾಪಾರಿ ಟೀ ಕೂಟಗಳ ಡೈರಿ ಬರೀತಿದ್ದ, ಅದರಲ್ಲಿ ಈ ಮಾತು ಬರುತ್ತೆ. ಹಿದೆಯೋಶಿ ತನಗೆ ಅಂತ ಚಿನ್ನದ ಟೀ ರೂಮೇ ಕಟ್ಟಿಸ್ಕೊಂಡಿದ್ದ ಆಸಾಮಿ, ಅವನಿಗೆ ಇದು ಹೇಗೆ ಹಿಡಿಸ್ಬೇಕು ಹೇಳಿ. ಹಾಗಿದ್ರೂ ರಾಕು ಅನ್ನೋ ಹೆಸರು ಬಂದಿದ್ದು ಮಾತ್ರ ಅವನ ಅರಮನೆ ಜುರಾಕುದಾಯ್‌ನಿಂದ ಅಂತಾರೆ. 1591ರಲ್ಲಿ ಇದೇ ಹಿದೆಯೋಶಿ ರಿಕ್ಯೂಗೆ ಹೊಟ್ಟೆ ಸೀಳ್ಕೊಂಡು ಸಾಯೋಕೆ ಆರ್ಡರ್ ಮಾಡಿದ. ಯಾಕೆ ಅಂತ ಇವತ್ತಿಗೂ ಜಗಳ ನಡೀತಾನೇ ಇದೆ, ಅದಕ್ಕೆ ಬೇರೆ ವಿಡಿಯೋನೇ ಬೇಕು.

ಸರಿ, ಮಾಡೋ ವಿಷಯಕ್ಕೆ ಬರೋಣ, ನಂಗೆ ತಲೆ ಕೆಟ್ಟಿದ್ದು ಇಲ್ಲೇ. ತಿಗರಿ ಇಲ್ಲ. ಕುಂಬಾರಿಕೆ ಅಂದ್ರೆ ತಿಗರಿ ಅಂತಲೇ ನಮ್ಮ ತಲೇಲಿ ಕೂತಿರೋದು ಅಲ್ವಾ, ಇಲ್ಲಿ ಮಣ್ಣನ್ನ ದುಂಡಗೆ ತಟ್ಟಿ ಚಪ್ಪಟೆ ಮಾಡ್ಕೋತಾರೆ, ಆಮೇಲೆ ಅಂಚನ್ನ ಎರಡೂ ಅಂಗೈ ಮಧ್ಯೆ ಒತ್ತಿ ಒತ್ತಿ ನಿಧಾನಕ್ಕೆ ಮೇಲಕ್ಕೆ ಎಬ್ಬಿಸ್ತಾರೆ, ಅಂದ್ರೆ ಟೀ ಕುಡಿಯೋವಾಗ ನಾವು ಬಟ್ಟಲನ್ನ ಹೇಗೆ ಎರಡು ಕೈಯಲ್ಲಿ ತಬ್ಬಿ ಹಿಡಿತೀವೋ ಹೆಚ್ಚುಕಮ್ಮಿ ಅದೇ ಆಕಾರದಲ್ಲಿ ಮಾಡೋನ ಕೈನೂ ಇರುತ್ತೆ. ಸ್ವಲ್ಪ ಒಣಗಿದ್ಮೇಲೆ ಸಣ್ಣ ಕಬ್ಬಿಣದ ಉಳಿ ಥರದ್ದು ತಗೊಂಡು ಒಳಗೂ ಹೊರಗೂ ಕೆರೀತಾರೆ, ತೂಕ ಎಲ್ಲಿ ಇರ್ಬೇಕು ಎಲ್ಲಿ ಬೇಡ ಅನ್ನೋದೆಲ್ಲ ಡಿಸೈಡ್ ಆಗೋದು ಆವಾಗಲೇ. ಬಾಯಿ ಏರಿಳಿತ ಕೂಡ ಬೇಕು ಅಂತಲೇ ಬಿಡೋದು, ಅದಕ್ಕೆ ಐದು ಶಿಖರ ಅಂತ ಕರೀತಾರೆ. ಕ್ಯಾಮೆರಾನ ಅಂಚಿನ ಲೆವೆಲ್‌ಗೆ ತಂದು ನಿಧಾನಕ್ಕೆ ತಿರುಗಿಸ್ತೀನಿ ನೋಡಿ, ಬೆಟ್ಟದ ಸಾಲು ಕಾಣುತ್ತಾ?

ಮಣ್ಣಿನ ಕಥೆ ಇನ್ನೂ ಮಜಾ. ಒಳ್ಳೆ ಮಣ್ಣು ಸಿಕ್ಕಿದ್ರೆ ಆ ಮನೆಯೋರು ತಾವೇ ಪೂರ್ತಿ ಖಾಲಿ ಮಾಡಲ್ಲ, ಮುಂದೆ ಹುಟ್ಟೋ ಮೊಮ್ಮಕ್ಕಳಿಗೆ ಮರಿಮಕ್ಕಳಿಗೆ ಅಂತ ಇಡ್ತಾರೆ. ಮಣ್ಣು ಕೊಡ್ತಾರೆ, ಆದ್ರೆ ಗ್ಲೇಜ್ (ಬಟ್ಟಲ ಮೇಲೆ ಬಳಿದು ಸುಡೋ ಗಾಜಿನಂಥ ಲೇಪ) ಹೇಗೆ ಕಲೆಸ್ಬೇಕು ಅನ್ನೋ ಲೆಕ್ಕ ಮಾತ್ರ ಬರೆದು ಕೊಡಲ್ಲವಂತೆ. ಒಬ್ಬೊಬ್ಬರೂ ತಮ್ಮ ಕಪ್ಪನ್ನ ತಾವೇ ಹುಡುಕ್ಕೋಬೇಕು. ಇದು ಯಾವ ಥರ ಪಾಠನೋ ಗೊತ್ತಾಗಲ್ಲ, ಆದ್ರೆ ಮ್ಯೂಸಿಯಂನಲ್ಲಿ ಬೇರೆ ಬೇರೆ ತಲೆಮಾರಿನ ಬಟ್ಟಲುಗಳನ್ನ ಸಾಲಾಗಿ ನೋಡ್ತಾ ಹೋದ್ರೆ ಯಾವ ಕಪ್ಪೂ ಇನ್ನೊಂದರ ಹಾಗಿಲ್ಲ, ಒಂದು ಕಂದು ಕಡೆ ವಾಲುತ್ತೆ, ಒಂದು ಒದ್ದೆ ಕಲ್ಲಿನ ಹಾಗೆ ಮಿನುಗುತ್ತೆ.

ಆ ಕಪ್ಪು ಬರೋದು ಕ್ಯೋಟೋ ಒಳಗೇ ಹರಿಯೋ ಕಾಮೋ ನದಿ ಕಲ್ಲಿಂದ. ಕಬ್ಬಿಣದ ಅಂಶ ಇರೋ ಕಲ್ಲು, ಅದನ್ನ ಪುಡಿ ಮಾಡಿ ನೀರಲ್ಲಿ ಕಲಸಿ ಬಳಿಯೋದು, ಒಣಗಿಸೋದು, ಮತ್ತೆ ಬಳಿಯೋದು, ಹೀಗೆ ಪದರ ಪದರ. ಭಟ್ಟಿಗೆ ಹೋಗೋದು ಒಂದ್ಸಲಕ್ಕೆ ಒಂದೇ ಬಟ್ಟಲು. ಹೌದು, ಒಂದೇ. ಸುತ್ತ ಇದ್ದಿಲು, ಪಕ್ಕದಲ್ಲಿ ತಿದಿ ಒತ್ತೋರು, ಕಿಡಿ ಹಾರ್ತಾ ಇರುತ್ತೆ, ಶಾಖ ಸುಮಾರು 1200 ಡಿಗ್ರಿಗೆ ಏರುತ್ತೆ, ಗ್ಲೇಜ್ ಕರಗಿ ಗುಳ್ಳೆ ಏಳೋ ಹೊತ್ತಿಗೆ ಉದ್ದ ಇಕ್ಕಳದಲ್ಲಿ ಕೆಂಡದಂತೆ ಕೆಂಪಗಿರೋ ಬಟ್ಟಲನ್ನ ಹಿಡಿದು ಸೀದಾ ಹೊರಗೆ ಎಳೆದುಬಿಡ್ತಾರೆ. ಆ ಕೆಂಪು ಕಣ್ಣೆದುರೇ ಇಳೀತಾ ಇಳೀತಾ ಕಪ್ಪಾಗುತ್ತೆ. ಭಟ್ಟಿ ಒಳಗೇ ಬಿಟ್ಟು ನಿಧಾನಕ್ಕೆ ಆರೋಕೆ ಬಿಟ್ಟಿದ್ರೆ ಅದೇ ಗ್ಲೇಜ್ ಕಂದು ಬಣ್ಣಕ್ಕೆ ತಿರುಗ್ತಿತ್ತು, ಸಡನ್ನಾಗಿ ತಣ್ಣಗಾಗಿದ್ದಕ್ಕೇ ಈ ಕಪ್ಪು. ಶುರುವಲ್ಲಿ ಕಚ್ಚಿದ ಗುರುತು ಅಂದ್ನಲ್ಲ, ಅದು ಇಕ್ಕಳದ್ದು, ಗ್ಲೇಜ್ ಇನ್ನೂ ಮೆತ್ತಗಿದ್ದಾಗ ಹಿಡಿದಿದ್ದು ಹಾಗೇ ಉಳ್ಕೊಂಡಿದೆ, ಅದನ್ನ ಯಾರೂ ಉಜ್ಜಿ ತೆಗೆಯೋಕೆ ಹೋಗಲ್ಲ. ಕೆಂಪು ರಾಕು ಅಂತಾನೂ ಇದೆ, ಅದು ಇದಕ್ಕಿಂತ ಕಡಿಮೆ ಶಾಖದಲ್ಲಿ ಸುಡೋದು, ಚೆಂದನೇ, ಆದ್ರೆ ನಾನು ಕಪ್ಪಿನ ಪಾರ್ಟಿ.

ಇಲ್ಲಿ ಒಂದು ಮಾತು. ರಾಕು ಅಂತ ಯೂಟ್ಯೂಬಲ್ಲಿ ಹುಡುಕಿದ್ರೆ ಬೆಂಕಿ, ಹೊಗೆ, ಮರದ ಹೊಟ್ಟು ತುಂಬಿದ ಡ್ರಮ್ಮು, ಅದರೊಳಗಿಂದ ಕಾಮನಬಿಲ್ಲಿನ ಬಣ್ಣದ ಪಾಟು ಬರೋದು ಕಾಣುತ್ತೆ. ಅದು ಅಮೆರಿಕನ್ ರಾಕು. ಬರ್ನಾರ್ಡ್ ಲೀಚ್ ಅನ್ನೋ ಇಂಗ್ಲಿಷ್ ಕಲಾವಿದ 1911ರಲ್ಲಿ ಟೋಕಿಯೋದ ಒಂದು ಪಾರ್ಟಿಯಲ್ಲಿ ರಾಕು ಸುಡೋದು ನೋಡಿ ಮರುಳಾಗಿ ಆ ಐಡಿಯಾನ ಪಶ್ಚಿಮಕ್ಕೆ ಒಯ್ದ, 1960ರ ಸುಮಾರಿಗೆ ಪಾಲ್ ಸೋಲ್ಡ್‌ನರ್ ಅನ್ನೋ ಅಮೆರಿಕದ ಕುಂಬಾರ ಅದಕ್ಕೆ ಈ ಹೊಟ್ಟು ಹೊಗೆ ಎಲ್ಲ ಸೇರಿಸಿದ. ನೋಡೋಕೆ ಮಜಾ ಇರುತ್ತೆ, ಆದ್ರೆ ಅದರಲ್ಲಿ ಟೀ ಕುಡಿಯೋ ಆಸೆ ಇಟ್ಕೋಬೇಡಿ, ಅದು ಶೋಗೆ.

ಮತ್ತೆ ನಮ್ಮ ಬಟ್ಟಲಿಗೆ. ಮ್ಯೂಸಿಯಂನೋರು ಆಗಾಗ ಒಂದು ಸೆಷನ್ ಮಾಡ್ತಾರೆ, ನಿಜವಾದ ರಾಕು ಬಟ್ಟಲನ್ನ ಕೈಯಲ್ಲಿ ಹಿಡಿಯೋಕೆ ಕೊಡ್ತಾರೆ. ಉಂಗುರ, ವಾಚು, ಬಳೆ ಎಲ್ಲ ಬಿಚ್ಚಿಡ್ಬೇಕು, ಬಟ್ಟಲನ್ನ ಚಾಪೆಯಿಂದ ಜಾಸ್ತಿ ಮೇಲೆ ಎತ್ತೋ ಹಾಗಿಲ್ಲ, ಮೊಣಕೈ ಊರಿ ಬಗ್ಗಿ ನೋಡ್ಬೇಕು. ನಾನು ಫೋನ್ ಕೂಡ ಬ್ಯಾಗಲ್ಲೇ ಇಟ್ಟಿದ್ದೆ, ಹಾಗಾಗಿ ಆ ಭಾಗದ ಕ್ಲಿಪ್ ಇಲ್ಲ, ಬಾಯಲ್ಲೇ ಹೇಳ್ತೀನಿ. ನೋಡಿದ್ರೆ ದಪ್ಪ, ಎತ್ತಿದ್ರೆ ಅಂದ್ಕೊಂಡಷ್ಟು ಭಾರ ಇಲ್ಲ. ಹೊಟ್ಟೆ ಭಾಗ ಸ್ವಲ್ಪ ಉಬ್ಬಿ ಅಂಗೈ ತುಂಬುತ್ತೆ, ಮಧ್ಯದಲ್ಲಿ ಒಂಚೂರು ಒಳಗೆ ಹೋಗಿದೆ, ಬಲಗೈ ಹೆಬ್ಬೆರಳು ಹುಡುಕದೇನೇ ಅಲ್ಲಿ ಹೋಗಿ ಕೂತ್ಕೊಳುತ್ತೆ. ಬಾಯಿ ಅಂಚು ಒಳಗಡೆಗೆ ಬಾಗಿದೆ, ಬಿಸಿ ಹೊರಗೆ ಹೋಗ್ಬಾರ್ದು ಅಂತ. ತಳದಲ್ಲಿ ಒಂದು ಸಣ್ಣ ಗುಂಡಿ, ಕೊನೇ ಗುಟುಕು ಬಂದು ನಿಲ್ಲೋ ಜಾಗ, ಅದಕ್ಕೂ ಒಂದು ಹೆಸರಿದೆ, ಚಾದಮಾರಿ.

ಬಿಸಿ ವಿಷಯ ಇನ್ನೊಂದು. ನಮ್ಮ ಸ್ಟೀಲ್ ಲೋಟದಲ್ಲಿ ಫಿಲ್ಟರ್ ಕಾಫಿ ಹಾಕಿಕೊಟ್ರೆ ಕಂಠ ಹಿಡಿದು ಊದ್ಕೊಂಡು ಕುಣೀತೀವಲ್ಲ, ಇಲ್ಲಿ ಉಲ್ಟಾ, ಮಣ್ಣು ಗಟ್ಟಿಯಾಗಿ ಬೆಂದಿಲ್ಲ, ಒಳಗೆಲ್ಲ ಸಣ್ಣ ಸಣ್ಣ ತೂತು, ಹಂಗಾಗಿ ಟೀ ಒಳಗೆ ಬಿಸಿಯಾಗೇ ಇರುತ್ತೆ ಕೈಗೆ ಮಾತ್ರ ಹದವಾಗಿ ಬೆಚ್ಚಗೆ ತಾಗುತ್ತೆ. ಇದು ಕೊಯಿಚಾಗೆ ಬೇಕೇ ಬೇಕು. ಕೊಯಿಚಾ ಅಂದ್ರೆ ಗಟ್ಟಿ ಮಾಚಾ (ಹಸಿರು ಟೀ ಪುಡಿಯಿಂದ ಮಾಡೋ ಟೀ), ಒಬ್ಬರಿಗೆ ಹತ್ತತ್ರ 4 ಗ್ರಾಂ ಪುಡಿ, ಚಾಸೆನ್ ಅನ್ನೋ ಬಿದಿರಿನ ಕಡೆಗೋಲಲ್ಲಿ ನೊರೆ ಬರದ ಹಾಗೆ ನಾದೋದು, ಕುಡಿಯೋಕಿಂತ ಜಾರಿ ಬರೋವರೆಗೂ ಕಾಯೋದು ಅನ್ನಿ. ಒಂದೇ ಬಟ್ಟಲು ಮೂರ್ನಾಲ್ಕು ಜನರ ಕೈ ದಾಟಿ ಹೋಗುತ್ತೆ, ಕೊನೆಯವರಿಗೂ ಬಿಸಿ ಸಿಗ್ಬೇಕಲ್ಲ. ಕೋವಿಡ್ ಟೈಮಲ್ಲಿ ಈ ಹಂಚ್ಕೊಂಡು ಕುಡಿಯೋದು ನಿಂತು ಒಬ್ಬೊಬ್ಬರಿಗೂ ಬೇರೆ ಬಟ್ಟಲು ಬಂತು. ನೊರೆ ಬರೋ ತೆಳು ಟೀ ಉಸುಚಾ, ಕೆಫೆಗಳಲ್ಲಿ ಸಿಗೋದು ಸಾಮಾನ್ಯವಾಗಿ ಅದೇ.

ಬಟ್ಟಲಿಗೆ ಮುಖ ಅಂತ ಒಂದು ಇರುತ್ತೆ. ಟೀ ಮಾಡಿದೋರು ಆ ಮುಖ ನಿಮ್ಮ ಕಡೆ ಇಟ್ಟು ಕೊಡ್ತಾರೆ, ನೀವು "ಒತೆಮಾಎ ಚೋದಾಯ್ ಇತಾಶಿಮಾಸು" (ನೀವು ಮಾಡಿದ ಟೀ ಸ್ವೀಕರಿಸ್ತೀನಿ) ಅಂತ ಬಗ್ಗಿ, ಎಡ ಅಂಗೈ ಮೇಲೆ ಇಟ್ಕೊಂಡು ಬಲಗೈಲಿ ಎರಡು ಸಲ ತಿರುಗಿಸಿ ಆ ಮುಖದ ಜಾಗದಲ್ಲಿ ಬಾಯಿ ಇಡದೆ ಕುಡೀಬೇಕು, ಉರಾಸೆಂಕೆ ಅನ್ನೋ ಟೀ ಪರಂಪರೆಯ ಪದ್ಧತಿಯಲ್ಲಿ ಹೀಗೆ. ಕುಡಿದ ಜಾಗ ಬೆರಳಲ್ಲಿ ಒರೆಸಿ ವಾಪಸ್ ತಿರುಗಿಸೋದು. ಮೊದಲು ನಂಗೆ ಇದೆಲ್ಲ ಬಿಲ್ಡಪ್ ಅನ್ಸಿತ್ತು. ಆದ್ರೆ ತಿರುಗಿಸೋವಾಗ ಬಾಯಿ ಏರು ಒಂದೊಂದೂ ಬೆರಳ ಕೆಳಗೆ ಹಾದುಹೋಗುತ್ತೆ, ತಗ್ಗು ಎಲ್ಲಿದೆ ಅಂತ ತುಟಿಗಿಂತ ಮುಂಚೆ ಬೆರಳಿಗೇ ಗೊತ್ತಾಗಿರುತ್ತೆ.

ಜಪಾನ್‌ನಲ್ಲಿ ರಾಷ್ಟ್ರೀಯ ನಿಧಿ ಅಂತ ಪಟ್ಟ ಕಟ್ಟಿರೋ ಟೀ ಬಟ್ಟಲು ಒಟ್ಟು 8, ಅದರಲ್ಲಿ ಜಪಾನಲ್ಲೇ ಮಾಡಿದ್ದು ಬರೀ 2. ಒಂದು ಟೋಕಿಯೋದ ಮಿತ್ಸುಯಿ ಮ್ಯೂಸಿಯಂನಲ್ಲಿರೋ ಶಿನೋ (ದಪ್ಪ ಬಿಳಿ ಗ್ಲೇಜ್‌ನ ಶೈಲಿ) ಬಟ್ಟಲು. ಇನ್ನೊಂದು ರಾಕು ಶೈಲಿದೇ, ಫುಜಿಸಾನ್ ಅಂತ ಹೆಸರು, ಮಾಡಿದೋನು ಹೊನಾಮಿ ಕೋಎತ್ಸು. ಅವನ ಮನೆಯೋರು ಕತ್ತಿ ಪಾಲಿಶ್ ಮಾಡೋ ಕಸುಬಿನೋರು, ಇವನು ಅಕ್ಷರ ಬರೆಯೋದ್ರಲ್ಲಿ ದೊಡ್ಡ ಹೆಸರು, ಬಟ್ಟಲು ಅವನಿಗೆ ಹವ್ಯಾಸ. ಚೋಜಿರೋನೇ ಇಲ್ಲ ಆ ಲಿಸ್ಟಲ್ಲಿ! ನಂಗಂತೂ ಇದು ಅನ್ಯಾಯ.

ಈಗ ದುಡ್ಡಿನ ವಿಷಯ, ಅಮ್ಮ ಕೇಳಿದ್ದು. ರಾಕು ಮನೆತನದೋರ ಬಟ್ಟಲು ಬೇಕು ಅಂದ್ರೆ ಲಕ್ಷಗಟ್ಟಲೆ ರೂಪಾಯಿ, ನನ್ನ ಸಂಬಳದಲ್ಲಿ ಅದು ಆಗೋ ಮಾತಲ್ಲ. ಆ ಮನೆಗೆ ಸೇರದೆ ಅದೇ ರೀತಿ ಮಾಡೋ ಭಟ್ಟಿಗಳಿವೆ, ವಾಕಿಗಾಮಾ ಅಂತಾರೆ, ನನ್ನದು ಅಂಥಾ ಒಂದು ಕಡೆದು. ಬಳಸೋಕೆ ಮುಂಚೆ ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಸ್ಬೇಕು, ಕುದಿಯೋ ನೀರು ಸೀದಾ ಸುರೀಬಾರ್ದು. ವಿಮ್ ಹಾಕ್ಬೇಡಿ, ಸೋಪು ಮಣ್ಣೊಳಗೆ ಇಳಿದುಬಿಡುತ್ತೆ, ಬರೀ ನೀರು ಸಾಕು. ತೊಳೆದಿದ್ದನ್ನ ಡಬ್ಬಿಗೆ ಹಾಕೋಕೆ ಅರ್ಜೆಂಟ್ ಮಾಡ್ಬೇಡಿ, ಹೊರಗೆ ಒಣಗಿದ ಹಾಗೆ ಕಂಡ್ರೂ ಒಳಗೆ ಪಸೆ ಇರುತ್ತೆ, ಕೆಲವು ದಿನ ಗಾಳಿಗೆ ಇಡಿ, ಇಲ್ಲಾಂದ್ರೆ ಬೂಸ್ಟು ಬರುತ್ತೆ. ಮೈಕ್ರೋವೇವ್ ಅಂತೂ ಕನಸಲ್ಲೂ ಬೇಡ.

ಕ್ಯೋಟೋಗೆ ಹೋಗೋರು ಕಾರಾಸುಮಾ ಲೈನ್‌ನಲ್ಲಿ ಇಮಾದೆಗಾವಾ ಸ್ಟೇಷನ್‌ಗೆ ಇಳಿದು ನಡ್ಕೊಂಡೇ ಮ್ಯೂಸಿಯಂಗೆ ಹೋಗ್ಬಹುದು. ಸೋಮವಾರ ರಜೆ, ಒಂದು ಎಕ್ಸಿಬಿಷನ್ ಮುಗಿದು ಇನ್ನೊಂದು ಶುರುವಾಗೋ ಮಧ್ಯೆನೂ ಮುಚ್ಚಿರುತ್ತೆ, ಅವರ ಸೈಟಲ್ಲಿ ಡೇಟ್ ನೋಡ್ಕೊಂಡು ಹೊರಡಿ. ಬಟ್ಟಲು ಹಿಡಿಯೋ ಸೆಷನ್‌ಗೆ ಮೊದಲೇ ಬುಕ್ ಮಾಡ್ಬೇಕು, ವಿವರಣೆ ಪೂರ್ತಿ ಜಪಾನೀಸಲ್ಲೇ ಇತ್ತು, ಅರ್ಧ ನಂಗೆ ತಲೆ ಮೇಲೆ ಹೋಯ್ತು. ಭಾಷೆ ಬರಲ್ಲ ಅಂತ ಬಿಡ್ಬೇಡಿ, ಬಟ್ಟಲು ಕೈಗೆ ಬರೋ ಹೊತ್ತಿಗೆ ವಿವರಣೆ ಹೇಗಿದ್ರೂ ಯಾರ ಕಿವಿಗೂ ಬೀಳ್ತಿರಲ್ಲ.