ಮೊದಲು ಕಣ್ಣು, ಆಮೇಲೆ ಮಾತು

ನಮಸ್ಕಾರ. ಈಗಷ್ಟೇ ಸ್ಟುಡಿಯೊದ ಗಾಜಿನಾಚೆ ಕೂತಿರುವವರು ಬೆರಳು ತೋರಿಸಿ ‘ಶುರು ಮಾಡಿ’ ಎಂದರು. ಬಾಯಿ ಬಿಡಲಿಲ್ಲ. ಆದರೂ ನನಗೆ ಅರ್ಥವಾಯಿತು, ಯಾಕೆಂದರೆ ನಾನು ಅವರನ್ನೇ ನೋಡುತ್ತಿದ್ದೆ. ಇವತ್ತು ನಾನು ಹೇಳುವುದೂ ಇಷ್ಟೇ. ಮೊದಲು ಕಣ್ಣು, ಆಮೇಲೆ ಮಾತು.

ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವುದು ನನ್ನ ಕೆಲಸ. ಆದರೆ ಈಗ ಮಾತಾಡುತ್ತಿರುವುದು ಚೆನ್ನಾಗಿ ಕಿವಿ ಕೇಳುವ ಮಕ್ಕಳ ಅಪ್ಪ ಅಮ್ಮಂದಿರ ಜೊತೆ. ನಿಮ್ಮ ಮಗುವಿನ ತರಗತಿಯಲ್ಲಿ ಕಿವಿಗೆ ಮಷಿನ್ ಹಾಕಿಕೊಂಡ ಒಂದು ಮಗು ಇರಬಹುದು. ನಿಮ್ಮ ಮನೆಯಲ್ಲೇ ಕಿವಿ ಮಂದವಾದ ಅಜ್ಜ ಇರಬಹುದು. ಅವರ ಜೊತೆ ನಾವು ಏನು ಮಾಡುತ್ತೇವೆ? ಕೂಗುತ್ತೇವೆ! ಕೂಗಿದರೆ ಬಾಯಿ ಸೊಟ್ಟಗಾಗುತ್ತದೆ, ತುಟಿ ನೋಡಿ ತಿಳಿದುಕೊಳ್ಳುವ ದಾರಿಯೂ ಮುಚ್ಚಿಹೋಗುತ್ತದೆ.

ತುಟಿ ಓದುವುದೂ ಸುಲಭವಲ್ಲ. ಕನ್ನಡಿ ಮುಂದೆ ನಿಂತು ದನಿ ತೆಗೆಯದೆ ಹೇಳಿ ನೋಡಿ: ಬರ, ಮರ, ಪರ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಕ, ಗ ಅಂತೂ ಬಾಯಿಯ ಹಿಂಭಾಗದಲ್ಲೇ ಹುಟ್ಟುತ್ತವೆ, ತುಟಿಯಲ್ಲಿ ಕಾಣುವುದೇ ಇಲ್ಲ. ಉಳಿದದ್ದನ್ನು ಮಗು ಊಹೆಯಿಂದ ತುಂಬಿಕೊಳ್ಳಬೇಕು. ಬೆಳಗಿನಿಂದ ಸಂಜೆವರೆಗೆ. ಸುಸ್ತಾಗುತ್ತದೆ, ಅಲ್ವಾ?

ಒಂದು ತರಗತಿಯಲ್ಲಿ ನಡೆದದ್ದು ಹೇಳುತ್ತೇನೆ. ಎರಡೂ ಕಿವಿಗೆ ಮಷಿನ್ ಹಾಕಿಕೊಂಡ ಒಬ್ಬ ಪುಟ್ಟ ಹುಡುಗಿ ಮುಂದಿನ ಬೆಂಚಿನಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು. ಹಿಂದಿನ ಬೆಂಚಿನ ಹುಡುಗನಿಗೆ ಅವಳ ರಬ್ಬರ್ ಬೇಕಿತ್ತು. “ರಬ್ಬರ್ ಕೊಡೇ” ಎಂದು ಅವಳ ಜಡೆಗೆ ಮೂರು ಸಲ ಕೂಗಿದ. ಅವಳು ತಿರುಗಲಿಲ್ಲ. “ಟೀಚರ್, ಇವಳಿಗೆ ಜಂಬ” ಎಂದು ದೂರು ಬೇರೆ! ನಾನು ಅವನ ಕೈ ಹಿಡಿದು ಅವಳ ಎದುರಿಗೆ ತಂದು ನಿಲ್ಲಿಸಿದೆ. “ಜಡೆಗೆ ಕಿವಿ ಇದೆಯೇನೋ? ಮೊದಲು ಕಣ್ಣು, ಆಮೇಲೆ ಮಾತು.”

ಅವನು ಮೆಲ್ಲಗೆ ಅವಳ ಭುಜ ತಟ್ಟಿದ. ಅವಳು ನೋಡಿದಳು. ಅಂಗೈ ಮೇಲೆ ಬೆರಳು ಉಜ್ಜಿ ತೋರಿಸಿದ. ಅವಳಿಗೆ ಅರ್ಥವಾಯಿತು, ಆದರೆ ರಬ್ಬರ್ ಕೊಡಲಿಲ್ಲ! ಅವನ ಕೈ ಎಳೆದುಕೊಂಡಳು. ಅಂಗೈ ತಿರುಗಿಸಿದಳು. ಚಾಚಿಕೊಂಡಿದ್ದ ಹೆಬ್ಬೆರಳನ್ನು ಮಡಚಿದಳು. ಮತ್ತೆ ಮಾಡು ಎಂದು ತಲೆಯಾಡಿಸಿದಳು. ಮಾಡಿದ. ಊಹೂಂ, ಇನ್ನೂ ಸರಿಯಿಲ್ಲ. ಕೊನೆಗೆ ಪೆನ್ಸಿಲ್ ಮಸಿ ಹತ್ತಿದ ಎರಡು ಬೆರಳು ಅವನ ಹುಬ್ಬಿನ ಕೆಳಗಿಟ್ಟು ಮೇಲಕ್ಕೆ ತಳ್ಳಿದಳು. ಯಾಕೆ ಗೊತ್ತಾ? ಎಷ್ಟೋ ಸನ್ನೆ ಭಾಷೆಗಳಲ್ಲಿ ‘ಕೊಡ್ತೀಯಾ’ ಎಂದು ಕೇಳುವಾಗ ಹುಬ್ಬು ಏರಬೇಕು. ಆ ಹುಬ್ಬೇ ಪ್ರಶ್ನೆಯ ಗುರುತು. ಹುಬ್ಬು ಏರಿತು, ರಬ್ಬರ್ ಸಿಕ್ಕಿತು. ವಾರದೊಳಗೆ ಇಡೀ ತರಗತಿ ಹುಬ್ಬೇರಿಸಿ ರಬ್ಬರ್ ಕೇಳುತ್ತಿತ್ತು. ಪರೀಕ್ಷೆಯ ದಿನ ಉತ್ತರಗಳೂ ಸದ್ದಿಲ್ಲದೆ ಬೆಂಚಿನಿಂದ ಬೆಂಚಿಗೆ ಹೋದವು. ಅದಕ್ಕೆ ನಾನು ಹೊಣೆಯಲ್ಲ.

ಕಲಿಸಿದ್ದು ನಾನಲ್ಲ, ಆ ಹುಡುಗಿ. ನಿಮ್ಮ ಮಗುವಿಗೂ ಸನ್ನೆಯನ್ನು ಅದನ್ನೇ ದಿನಾ ಆಡುವವರಿಂದ ಕಲಿಸಿ. ಸುಮ್ನೆ ಕೈ ಆಡಿಸಿದರೆ ಅದು ಭಾಷೆಯಲ್ಲ. ದೇಶದಿಂದ ದೇಶಕ್ಕೆ ಬೇರೆ ಬೇರೆ ಸನ್ನೆ ಭಾಷೆಗಳಿವೆ. ಬ್ರಿಟನ್, ಅಮೆರಿಕ ಎರಡೂ ಕಡೆ ಮಾತು ಇಂಗ್ಲಿಷೇ. ಆದರೆ ಕೈಯಲ್ಲಿ ಅಕ್ಷರ ತೋರಿಸಲು ಬ್ರಿಟನ್ನಿನಲ್ಲಿ ಎರಡು ಕೈ, ಅಮೆರಿಕದಲ್ಲಿ ಒಂದೇ ಕೈ!

ಸನ್ನೆ ಕಲಿತರೆ ಮಗುವಿಗೆ ಮಾತು ಬರುವುದಿಲ್ಲ ಎಂಬ ಹೆದರಿಕೆಯನ್ನು ದಯವಿಟ್ಟು ಬಿಡಿ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವಿ ಕೇಳದ ಮಕ್ಕಳ ಶಿಕ್ಷಕರೇ ಸಭೆ ಸೇರಿ ಶಾಲೆಯಲ್ಲಿ ಸನ್ನೆ ಬೇಡ, ಬಾಯಿಮಾತೇ ಇರಲಿ ಎಂದು ತೀರ್ಮಾನಿಸಿದರು. ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈ ಕಟ್ಟಿದಂತಾಯಿತು. ಅದು ತಪ್ಪು ಎಂದು ಅಂಥದೇ ಸಭೆ ಕೆನಡಾದ ವ್ಯಾಂಕೂವರ್‌ನಲ್ಲಿ ಒಪ್ಪಿಕೊಂಡದ್ದು 2010ರಲ್ಲಿ. ನೂರಾ ಮೂವತ್ತು ವರ್ಷ!

ಸಮಯ ಆಗುತ್ತಾ ಬಂತು. ಬೇಗ ಹೇಳಿಬಿಡುತ್ತೇನೆ. ಕಿಟಕಿಗೆ ಬೆನ್ನು ಹಾಕಿ ಮಾತಾಡಬೇಡಿ, ನಿಮ್ಮ ಮುಖ ಕತ್ತಲಾಗುತ್ತದೆ. ಬಾಯಿಗೆ ಕೈ ಅಡ್ಡ ಇಡಬೇಡಿ. ಎಲ್ಲರೂ ನಕ್ಕಾಗ ಅಜ್ಜ “ಏನಂತೆ?” ಎಂದು ಕೇಳಿದರೆ “ಏನಿಲ್ಲ ಬಿಡಿ” ಎನ್ನಬೇಡಿ. ಎದುರಿಗೆ ಕೂತು ಇನ್ನೊಂದು ಸಲ ಹೇಳಿ. ಮೊದಲು ಕಣ್ಣು...

ಗಾಜಿನಾಚೆಯಿಂದ ಆಗಲೇ ಎರಡು ಬೆರಳು ಎದ್ದಿದ್ದವು. ಕಾಣದವಳ ಹಾಗೆ ಇದ್ದೆ. ಈಗ ಒಂದೇ ಬೆರಳು, ಜೊತೆಗೆ ಹುಬ್ಬೂ ಗಂಟಿಕ್ಕಿದೆ. ಮುಗಿಸಿದೆ ಸ್ವಾಮಿ, ಮುಗಿಸಿದೆ. ನಮಸ್ಕಾರ.