ದೇವರ ಊರಿಗೆ ಬಸ್ಸು ಯಾವುದು?

ಎಲ್ಲರಿಗೂ ನಮಸ್ಕಾರ. ವಿಜ್ಞಾನ ದಿನಕ್ಕೆ ದುರ್ಗದಲ್ಲಿ 'ದೇವರಿದ್ದಾನೋ ಇಲ್ಲವೋ ಅಂತ ವಿಜ್ಞಾನ ಪರೀಕ್ಷೆ ಮಾಡಬಹುದೇ?' ಅನ್ನೋ ವಿಷಯ ಇಟ್ಟಿದ್ದೇವೆ ಅಂತ ಫೋನ್ ಬಂದಾಗಲೇ ನನಗೆ ನಮ್ಮಜ್ಜಿ ನೆನಪಾದಳು.

ನಮ್ಮೂರು ಹಿರಿಯೂರು ಕಡೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮಳೆ ಕೈಕೊಟ್ಟಿತು. ನಮಗದು ಹೊಸದಲ್ಲ. ನಮ್ಮ ಕಡೆಯ ಅಣೆಕಟ್ಟು ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲಿ. ಊರಲ್ಲಿ ಕಪ್ಪೆ ಮದುವೆ ಮಾಡಿದರು. ಅರಿಶಿನ ಹಚ್ಚುವ ಹೊತ್ತಿಗೆ ಗಂಡು ಯಾವುದು, ಹೆಣ್ಣು ಯಾವುದು ಅಂತ ಜಗಳ ಶುರುವಾಯಿತು. ಅರ್ಧ ಗಂಟೆ ಆದ ಮೇಲೆ ದಪ್ಪಗಿದ್ದದ್ದೇ ಗಂಡು ಅಂತ ಹಿರಿಯರು ತೀರ್ಮಾನ ಕೊಟ್ಟರು. ಕಪ್ಪೆಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ದಪ್ಪ ಅಂತ ನನಗೆ ಕಾಲೇಜಿನಲ್ಲಿ ತಿಳಿಯಿತು. ಏನೇ ಆಗಲಿ, ಮೂರನೇ ದಿನ ಮಳೆ ಬಂತು! ಮರುವರ್ಷವೂ ಮದುವೆ ಮಾಡಿದರು. ಒಂದು ಹನಿ ಬೀಳಲಿಲ್ಲ.

'ಹಂಗಾದ್ರೆ ದೇವರಿಲ್ವಾ ಅಜ್ಜಿ?' ಅಂದೆ. ನಮ್ಮಪ್ಪ ಆಗ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದರು. ಅಜ್ಜಿ ಅಕ್ಕಿ ಆರಿಸುತ್ತಾ, 'ನಿಮ್ಮಪ್ಪ ದುಡ್ಡು ಕಳಿಸ್ದೇ ಇರೋ ತಿಂಗ್ಳು ನಿಮ್ಮಪ್ಪನೇ ಇಲ್ಲ ಅಂತ ಆಗ್ತೈತೇನೋ?' ಅಂದಳು.

ಇದಕ್ಕೆ ಉತ್ತರ ಹೊಳೆಯಲು ನನಗೆ ತುಂಬಾ ವರ್ಷ ಬೇಕಾಯಿತು. ಅಪ್ಪ ಇದ್ದಾರೋ ಇಲ್ಲವೋ ಅಂತ ನೋಡಬೇಕಾದರೆ ದಾವಣಗೆರೆ ಬಸ್ಸು ಹತ್ತಿದರೆ ಆಯಿತು. ಗಿರಣಿ ಗೇಟಿನಲ್ಲಿ ಕೇಳಬಹುದಿತ್ತು. ಗೇಟಿನವರು 'ಇಲ್ಲ' ಅಂದರೆ 'ಅಪ್ಪ ಇದ್ದಾರೆ' ಅನ್ನೋ ನನ್ನ ಮಾತು ಸೋತಿತು. ದೇವರ ವಿಷಯದಲ್ಲಿ ಆ ಬಸ್ಸು ಯಾವುದು? ಏನು ಕಂಡರೆ 'ಇಲ್ಲ' ಅಂತ ಒಪ್ಪುತ್ತೀರಿ?

ಆ ಬಸ್ಸು ಹತ್ತಲು ಹೋದವರಿದ್ದಾರೆ. ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ಅನ್ನೋ ವೈದ್ಯರ ತಂಡ ಹೃದಯದ ಬೈಪಾಸ್ ಸರ್ಜರಿಯ 1802 ರೋಗಿಗಳನ್ನು ಮೂರು ಗುಂಪು ಮಾಡಿತು. ಫಲಿತಾಂಶ ಬಂದದ್ದು 2006ರಲ್ಲಿ. ಒಂದು ಗುಂಪಿಗಾಗಿ ಪ್ರಾರ್ಥನೆ ನಡೆಯಿತು, ಇನ್ನೊಂದಕ್ಕೆ ಇಲ್ಲ. ತಮಗಾಗಿ ಪ್ರಾರ್ಥನೆ ಇದೆಯೋ ಇಲ್ಲವೋ ಅನ್ನೋದು ಈ ಎರಡೂ ಗುಂಪಿನವರಿಗೆ ಗೊತ್ತಿರಲಿಲ್ಲ. ಸರ್ಜರಿ ಆದ ಮೇಲೆ ತೊಂದರೆ ಕಾಣಿಸಿಕೊಂಡದ್ದು ಮೊದಲ ಗುಂಪಿನಲ್ಲಿ ಶೇಕಡಾ 52, ಎರಡನೆಯದರಲ್ಲಿ 51. ಮೂರನೇ ಗುಂಪಿಗೆ 'ನಿಮಗಾಗಿ ಪ್ರಾರ್ಥನೆ ಮಾಡುತ್ತಿದ್ದಾರೆ' ಅಂತ ಹೇಳಿಯೇ ಮಾಡಿದರು. ಅಲ್ಲಿ 59! ಪ್ರಾರ್ಥನೆ ಮಾಡಿಸುವಷ್ಟು ನನ್ನ ಸ್ಥಿತಿ ಕೆಟ್ಟಿದೆಯಾ ಅಂತ ಗಾಬರಿಯಾಗಿರಬಹುದು ಎಂದು ಸಂಶೋಧಕರೇ ಊಹಿಸಿದರು.

ಹಾಗಾದರೆ ದೇವರಿಲ್ಲ ಅಂತ ಸಾಬೀತಾಯಿತಾ? ಇಲ್ಲ. ಪ್ರಾರ್ಥನೆ ಇಲ್ಲದ ಗುಂಪು ಅಂದರಲ್ಲ, ವಾರ್ಡಿನ ಹೊರಗೆ ಕೂತ ತಾಯಿಯ ಬಾಯಿ ಕಟ್ಟುವವರು ಯಾರು? ಅವಳೂ ಬೇಡಿಕೊಂಡಿರುತ್ತಾಳೆ, ಅಲ್ವಾ? ಅಪರಿಚಿತರು ಪಟ್ಟಿ ನೋಡಿ ಬೇಡಿದರೆ ತೊಂದರೆ ಕಡಿಮೆಯಾಗುತ್ತದೆ ಅನ್ನೋ ಮಾತು ಸೋತಿತು. ಅಷ್ಟೇ ಸೋತದ್ದು. ನಮ್ಮೂರಲ್ಲೂ ಸೋತದ್ದು ಕಪ್ಪೆ ಮದುವೆ, ದೇವರಲ್ಲ.

ಸೋಲಲು ತಯಾರಾಗಿ ಬರುವುದು ಹೇಗೆ ಅಂತ 1919ರ ಮೇ 29ರ ಸೂರ್ಯಗ್ರಹಣ ನೋಡಿ. ಸೂರ್ಯನ ಪಕ್ಕ ಹಾದು ಬರುವ ನಕ್ಷತ್ರದ ಬೆಳಕು ಎಷ್ಟು ಬಾಗಬೇಕು ಅಂತ ಐನ್‌ಸ್ಟೈನ್ ಮೊದಲೇ ಲೆಕ್ಕ ಕೊಟ್ಟಿದ್ದರು. ಅಳತೆ ತಾಳೆಯಾಗದಿದ್ದರೆ ಅವರ ಸಿದ್ಧಾಂತ ಬೀಳುತ್ತಿತ್ತು. ದೇವರ ಪರವಾಗಿ ಇಂಥ ಲೆಕ್ಕ ಯಾರೂ ಮೊದಲೇ ಕೊಡುವುದಿಲ್ಲ. ಕೊಟ್ಟರೂ, ಸೋತ ಮೇಲೆ 'ಭಕ್ತಿ ಸಾಲದು' ಅಂತಾರೆ. ಅಲ್ಲಿಗೆ ಬಸ್ಸು ನಿಲ್ಲುತ್ತದೆ.

ಚೀಟಿ ಬಂತು, ಐದು ನಿಮಿಷ ಅಂತೆ. ಎಚ್. ನರಸಿಂಹಯ್ಯನವರ ಬಗ್ಗೆ ಜಾಸ್ತಿ ಹೇಳಬೇಕಂತಿದ್ದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಅವರು ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು ಕರೆದರು. ನರಸಿಂಹಯ್ಯನವರು ದೇವರನ್ನು ಪರೀಕ್ಷೆಗೆ ಕರೆಯಲಿಲ್ಲ, ಪವಾಡವನ್ನು ಕರೆದರು. ಈ ವ್ಯತ್ಯಾಸಕ್ಕಾಗಿಯೇ ನಾನು ಇವತ್ತು ಇಲ್ಲಿಗೆ ಬಂದದ್ದು.

ಯಾಕೆಂದರೆ ನಮ್ಮ ಚಿಕ್ಕಪ್ಪನ ಮಗನಿಗೆ ಹೊಲದಲ್ಲಿ ಹಾವು ಕಚ್ಚಿತ್ತು. ಮಂತ್ರ ಹಾಕುವವರ ಮನೆ ಮುಂದೆ ಎರಡು ಗಂಟೆ ಕೂರಿಸಿದ್ದರು. ಆಸ್ಪತ್ರೆಗೆ ತಲುಪುವ ಹೊತ್ತಿಗೆ ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ಆ್ಯಂಟಿವೆನಮ್ ಕೊಟ್ಟರು, ಬದುಕಿದ. ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಹಚ್ಚಲಿ, ನಾನು ಬೇಡ ಅನ್ನಲಿಲ್ಲ. ಆದರೆ ಆ ಎರಡು ಗಂಟೆಯ ಲೆಕ್ಕ ಕೇಳಿದೆ, ಈಗಲೂ ಕೇಳುತ್ತೇನೆ.