ಹುಂಜದ ಅದಲು ಬದಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮಜ್ಜಿ ಕೋಳಿ ಸಾಕುತ್ತಿದ್ದರು. ಮಂಡ್ಯ ಕಡೆಯ ಹಳ್ಳಿ. ಹಿತ್ತಿಲಲ್ಲಿ ಯಾವಾಗಲೂ ಹತ್ತು ಹನ್ನೆರಡು ನಾಟಿಕೋಳಿ ಕೆದಕುತ್ತಾ ಇರುತ್ತಿದ್ದವು. ಅಜ್ಜಿಗೆ ಬಾಡಿನ ಸಾರು ಅಂದರೆ ಬಲು ಇಷ್ಟ. ಆದರೆ ತಾವು ಸಾಕಿದ ಹುಂಜವನ್ನು ಮಾತ್ರ ಬಾಯಿಗೆ ಇಡುತ್ತಿರಲಿಲ್ಲ. ನೆಂಟರು ಬಂದ ದಿನ ನಮ್ಮ ಹುಂಜ ಪಕ್ಕದ ಮನೆಗೆ ಹೋಗುತ್ತಿತ್ತು. ಅವರ ಹುಂಜ ನಮ್ಮನೆ ಸಾರಿಗೆ ಬರುತ್ತಿತ್ತು. "ನನ್ ಕೈಲಿ ಅಕ್ಕಿ ತಿಂದಿದ್ದನ್ನ ಹೆಂಗಪ್ಪ ತಿನ್ನದು" ಅನ್ನುತ್ತಿದ್ದರು. ಎರಡೂ ಮನೆಗೆ ಈ ಏರ್ಪಾಡು ಒಗ್ಗಿತ್ತು. ಹುಂಜಗಳನ್ನು ಯಾರೂ ಕೇಳಿರಲಿಲ್ಲ.

ಊಟಕ್ಕಾಗಿ ಪ್ರಾಣಿ ಕೊಲ್ಲುವುದು ಸರಿಯೇ, ತಪ್ಪೇ ಅಂತ ಯೋಚಿಸುವಾಗೆಲ್ಲ ನನಗೆ ಮೊದಲು ನೆನಪಾಗುವುದು ಈ ಅದಲು ಬದಲು. ನಾನೂ ಮಾಂಸ ತಿನ್ನುವವನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಳೆಯ ಬೌದ್ಧ ಭಿಕ್ಷುಗಳಿಗೆ ಒಂದು ನಿಯಮವಿತ್ತು. ಭಿಕ್ಷೆಗೆ ಹೋದಾಗ ಮಾಂಸ ನೀಡಿದರೆ ತಿನ್ನಬಹುದು. ಆದರೆ ತನಗಾಗಿ ಕೊಂದದ್ದನ್ನು ನೋಡಿರಬಾರದು, ಕೇಳಿರಬಾರದು, ತನಗಾಗಿಯೇ ಕೊಂದರೇನೋ ಅನ್ನುವ ಅನುಮಾನವೂ ಇರಬಾರದು. ಬಟ್ಟಲು ಹಿಡಿದು ಹೋಗುವವನು ಇಂಥದ್ದೇ ಬೇಕು ಅನ್ನುವಂತಿಲ್ಲವಲ್ಲ. ಅವನಿಗೆ ಆ ನಿಯಮ ಸರಿ. ತಮಾಷೆ ಏನೆಂದರೆ, ಇವತ್ತು ಅದನ್ನು ನಾವು ಸಂಸಾರಸ್ಥರು ಪಾಲಿಸುತ್ತಿದ್ದೇವೆ. ಮೊಬೈಲಿನಲ್ಲಿ ಒತ್ತಿದರೆ ತೊಳೆದು, ಕತ್ತರಿಸಿದ ಕೋಳಿ ಪ್ಯಾಕೆಟ್ಟಿನಲ್ಲಿ ಬಾಗಿಲಿಗೆ ಬರುತ್ತದೆ. ನೋಡಲಿಲ್ಲ, ಕೇಳಲಿಲ್ಲ. ಆದರೆ ನಾವೇನು ಭಿಕ್ಷೆ ಬೇಡಿದ್ದಲ್ಲ. ದುಡ್ಡು ಕೊಟ್ಟು, ಇಷ್ಟು ಗ್ರಾಂ ಅಂತ ಹೇಳಿ ತರಿಸಿಕೊಂಡದ್ದು.

ಜೈನರು ಈ ವಿಷಯದಲ್ಲಿ ಬಹಳ ಬಿಗಿ. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದವರಿಗೆ ತಲೆ ಆಡಿಸಿದ್ದು, ಮೂರೂ ಹಿಂಸೆಯೇ ಅನ್ನುತ್ತಾರೆ. ಅಜ್ಜಿಯ ಅದಲು ಬದಲು ಅಲ್ಲಿ ನಡೆಯುವುದಿಲ್ಲ. ಕ್ರಿ.ಶ. 1209ರ ಹೊತ್ತಿಗೆ ಕವಿ ಜನ್ನ ಕನ್ನಡದಲ್ಲಿ ಹೇಳಿದ ಯಶೋಧರ ರಾಜನ ಕತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರಾಜನಿಗೆ ಕೆಟ್ಟ ಕನಸಾಗಿದೆ ಅಂತ ತಾಯಿ ಬಲಿ ಕೊಡಲು ಹೇಳುತ್ತಾಳೆ. ಅವನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನಲ್ಲಿ ಹುಂಜ ಮಾಡಿ ಕಡಿಯುವುದು ಅಂತ ರಾಜಿ ಆಗುತ್ತದೆ. ಬರೀ ಹಿಟ್ಟು! ಆದರೂ ಕೊಲ್ಲುವ ಮನಸ್ಸು ಮಾಡಿದರಲ್ಲ, ಅಷ್ಟಕ್ಕೇ ತಾಯಿ ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಒದ್ದಾಡುತ್ತಾರೆ. ಹಿಟ್ಟಿನ ಹುಂಜಕ್ಕೆ ಇಷ್ಟು ಶಿಕ್ಷೆಯಾ ಅಂತ ಓದುವಾಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಈಗ ಅನ್ನಿಸುತ್ತದೆ, ಆ ಕತೆ ಹಿಡಿದದ್ದು ಹುಂಜವನ್ನಲ್ಲ, ರಾಜಿಯನ್ನು.

ಈಗ ಸಸ್ಯಾಹಾರಿಗಳು ರೇಡಿಯೋ ಸ್ವಲ್ಪ ಜೋರು ಮಾಡಿಕೊಂಡಿರಬಹುದು. ಸುಮ್ನೆ ಒಂದು ಮಾತು. ಹಸು ಕರು ಹಾಕಿದರೆ ತಾನೇ ಹಾಲು? ಹುಟ್ಟುವ ಕರುಗಳಲ್ಲಿ ಅರ್ಧದಷ್ಟು ಗಂಡು. ಮೊದಲು ಉಳುಮೆಗೆ, ಗಾಡಿಗೆ ಬೇಕಾಗುತ್ತಿತ್ತು. ಈಗ ಟ್ರ್ಯಾಕ್ಟರ್ ಇದೆ. ಸೀಮೆ ಹಸು ಗಂಡು ಕರು ಹಾಕಿದರೆ ಕೊಟ್ಟಿಗೆಯಲ್ಲಿ ಯಾರಿಗೂ ಖುಷಿ ಇಲ್ಲ. ಆ ಕರು ಆಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಕಾಫಿ ಕುಡಿಯುವಾಗ ನಾವು ಯಾರೂ ಕೇಳುವುದಿಲ್ಲ.

ಮೊಟ್ಟೆಯ ಲೆಕ್ಕವೂ ಅಷ್ಟೇ. ಮೊಟ್ಟೆ ತಳಿಯ ಕೋಳಿಯಲ್ಲಿ ಗಂಡುಮರಿ ಮೊಟ್ಟೆ ಇಡುವುದಿಲ್ಲ, ಮಾಂಸವೂ ಬೇಗ ತುಂಬುವುದಿಲ್ಲ. ಹಾಗಾಗಿ ಮೊಟ್ಟೆ ಒಡೆದ ದಿನವೇ ಬೇರೆ ಮಾಡಿ ಕೊಲ್ಲುವುದು ಪ್ರಪಂಚದ ಬಹಳಷ್ಟು ಕಡೆ ರೂಢಿ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ನಮ್ಮಲ್ಲಿ ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿದ ಮರಿಗಳನ್ನು ಬುಟ್ಟಿಯಲ್ಲಿ ಮಾರುತ್ತಾರಲ್ಲ, ಹೆಚ್ಚಾಗಿ ಅವು ಈ ಗಂಡುಮರಿಗಳೇ. ಚಿಕ್ಕವನಿದ್ದಾಗ ನಾನೂ ಒಂದು ತಂದಿದ್ದೆ. ಮೂರು ದಿನ ಬದುಕಿತ್ತು.

ಇನ್ನು ಬ್ರಾಯ್ಲರ್. ಸುಮಾರು 40 ದಿನಕ್ಕೆ ಎರಡು ಕಿಲೋ. ಹುಂಜ ಕೂಗಲು ಕಲಿಯುವುದಕ್ಕೆ ನಾಲ್ಕೈದು ತಿಂಗಳು ಬೇಕು. ಅಂದರೆ ಇವು ಒಂದು ಸಲವೂ ಕೂಗದೆ ಮುಗಿಯುತ್ತವೆ. ಅಜ್ಜಿಯ ಹುಂಜ ಎರಡು ವರ್ಷ ಬೀದಿ ಆಳಿ, ಪಕ್ಕದ ಬೀದಿಯವನ ಜೊತೆ ಜಗಳ ಆಡಿ, ಆಮೇಲೆ ಸಾರಾಗುತ್ತಿತ್ತು. ಎರಡರ ಸಾವೂ ಒಂದೇ. ಬದುಕು ಒಂದೇ ಅಲ್ಲ. ನನ್ನ ಮಟ್ಟಿಗೆ ಕತ್ತಿಗಿಂತ ಆ 40 ದಿನದ ಪ್ರಶ್ನೆಯೇ ದೊಡ್ಡದು.

ಕಾನೂನಿಗೂ ಇದು ಗೊತ್ತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು ನಮ್ಮಲ್ಲಿ 1960ರಲ್ಲೇ ಕಾಯ್ದೆ ಬಂತು. ಆಹಾರಕ್ಕಾಗಿ ಕೊಲ್ಲಬಹುದು, ಅನಗತ್ಯ ನೋವು ಕೊಡಬಾರದು ಅನ್ನುತ್ತದೆ. 2001ರ ಕಸಾಯಿಖಾನೆ ನಿಯಮದಲ್ಲಿ ಒಂದು ಸಾಲು ಇದೆ: ಒಂದು ಪ್ರಾಣಿಯನ್ನು ಇನ್ನೊಂದರ ಕಣ್ಣೆದುರು ಕಡಿಯಬಾರದು. ಅವಕ್ಕೆ ನೋಡಿ ಭಯ ಆಗುತ್ತದೆ ಅಂತ ಒಪ್ಪಿಕೊಂಡ ಹಾಗಾಯಿತು, ಅಲ್ವಾ? ಭಾನುವಾರ ಬೆಳಿಗ್ಗೆ ಯಾವುದಾದರೂ ಕೋಳಿ ಅಂಗಡಿ ಮುಂದೆ ನಿಂತು ನೋಡಿ. ಪಂಜರ ಎಲ್ಲಿದೆ, ಕತ್ತಿ ಎಲ್ಲಿದೆ. ನಾವು ಬೆರಳು ತೋರಿಸಿ "ಅದು" ಅನ್ನುತ್ತೇವೆ. ಆಮೇಲೆ ರಸ್ತೆ ಕಡೆ ತಿರುಗಿ ನಿಲ್ಲುತ್ತೇವೆ. ಕಡಿಯುವವನಿಗೆ ತಿರುಗುವ ಅನುಕೂಲ ಇಲ್ಲ. ಅವನು ಕಡಿದದ್ದನ್ನು ತಿಂದು, ಅವನ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವವರೂ ನಾವೇ.

ಯುಗಾದಿ ಮಾರನೇ ದಿನ ನಮ್ಮ ಕಡೆ ಹೊಸತೊಡಕು. ಏಳೆಂಟು ಮನೆಯವರು ಸೇರಿ ಒಂದು ಕುರಿಮರಿ ತರುತ್ತಾರೆ. ನಸುಕಿನಲ್ಲೇ ಕುಯ್ದು ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ಸ್ವಲ್ಪ ಲಿವರ್, ಸ್ವಲ್ಪ ಮೂಳೆ, ಸ್ವಲ್ಪ ಬೋಟಿ. ಯಾರಿಗೂ ಜಾಸ್ತಿ ಇಲ್ಲ, ಕಡಿಮೆ ಇಲ್ಲ. ಇಷ್ಟು ವರ್ಷ ನಾನು ಗುಡ್ಡೆ ಆದ ಮೇಲೆ ಪಾತ್ರೆ ಹಿಡಿದು ಹೋಗುತ್ತಿದ್ದೆ. ಈ ಸಲ ಮೊದಲೇ ಹೋದೆ. ಕಾಲು ಹಿಡಿಯಲು ಒಬ್ಬರು ಬೇಕಿತ್ತು, ಹಿಡಿದೆ. ಕಾಲು ಬೆಚ್ಚಗಿತ್ತು. ಎಷ್ಟು ಬಲ ಇತ್ತೆಂದರೆ ನನ್ನ ಎರಡೂ ಕೈ ಸಾಲಲಿಲ್ಲ, ಇನ್ನೊಬ್ಬರು ಬಂದು ಹಿಡಿದರು. ಆಮೇಲೆ ಆ ಬಲ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತೆ. ಮುದ್ದೆ ಮುಗಿಸಿದೆ. ಎರಡೇ ತುಂಡಿಗೆ ಸಾಕಾಯಿತು. ಉಪ್ಪು ಜಾಸ್ತಿ ಆಯ್ತಾ ಅಂತ ಮನೆಯವಳು ಕೇಳಿದಳು. ಇಲ್ಲ, ಸರಿಯಾಗಿದೆ ಅಂದೆ.